ಬಾಗಿಲ ನುಡಿ

ಒಂದಾನೊಂದು ಕಾಲದಲ್ಲಿ, ಬೆಟ್ಟದಷ್ಟು ಬಟ್ಟೆ ಇದ್ದ ಒಬ್ಬ ಧಣಿ ಇದ್ದನಂತೆ. ಅವನ ಬಟ್ಟೆ ಎಷ್ಟು ಒಗೆದರೂ ಮುಗಿಯುತ್ತಿರಲಿಲ್ಲವಂತೆ. ಒಗೆಯುವ ಹೆಂಗಸರ ಬೆರಳು ಸವೆದು ಅಂಗೈಗೆ ಬಂತಂತೆ, ಅಂಗೈ ಸವೆದು ಮೊಣಕೈಗೆ ಬಂತಂತೆ, ಆಮೇಲೆ ಹೆಂಗಸರೇ ಸವೆದುಹೋಗಿ ಬರೀ ಹಾಡು ಉಳಿಯಿತಂತೆ. ಆ ಹಾಡು ಒಂದು ದಿನ ತಲೆಯ ಮೇಲೆ ಹೊರೆ ಇಟ್ಟುಕೊಂಡು ಧಣಿಯ ಮನೆಗೆ ಹೊರಟಿತಂತೆ.

"ಆಮೇಲೆ?" ಎಂದು ನಾನು ಕೇಳುತ್ತಿದ್ದೆ.

"ಆಮೇಲೇನು, ಇನ್ನೂ ದಾರಿಯಲ್ಲಿದೆ. ಕಣ್ಣು ಮುಚ್ಚು," ಎನ್ನುತ್ತಿದ್ದಳು ಅಜ್ಜಿ.

ಬೇರೆಯವರ ಅಜ್ಜಿಯರ ಕಥೆಯಲ್ಲಿ ರಾಜಕುಮಾರ ಬರುತ್ತಿದ್ದ. ನಮ್ಮಜ್ಜಿಯ ಕಥೆಯಲ್ಲಿ ಕೊಳೆ ಬಟ್ಟೆ ಬರುತ್ತಿತ್ತು. ನಾನು ಅದಕ್ಕೇ ಜರಿ ಅಂಚು ಹಚ್ಚಿಕೊಂಡು, ಹಾಡಿಗೆ ಎರಡು ಕಾಲು, ಒಂದು ಮೂಗುತಿ ಕೊಟ್ಟು ಕನಸು ಕಾಣುತ್ತಿದ್ದೆ. ಅದು ಕಥೆಯಲ್ಲ ಎಂದು ತಿಳಿಯುವ ಹೊತ್ತಿಗೆ ನಾನೂ ಬಟ್ಟೆ ಒಗೆಯುತ್ತಿದ್ದೆ.

ಧಣಿ ನಿಜ. ಬಟ್ಟೆ ನಿಜ. ನದಿ ತಿರುಗುವ ಕಡೆ ಬಟ್ಟೆ ಬೇಯಿಸುವ ಕಾರ್ಖಾನೆ ಇತ್ತು. ಮಗ್ಗದಿಂದ ಬಂದ ಕಂದು ಬಟ್ಟೆ ಅಲ್ಲಿ ಸೋಡಾ ನೀರಿನಲ್ಲಿ ಬೆಂದು ಬಿಳಿಯಾಗಬೇಕು. ನೆಲದಲ್ಲಿ ಹೂತ ಕಬ್ಬಿಣದ ಹಂಡೆಗಳು. ಒಂದೊಂದು ಹಂಡೆಯೂ ನಾವು ವಾಸವಿದ್ದ ಕೋಣೆಯಷ್ಟು ಅಗಲ. ಹಂಡೆಯ ಬಾಯಿಗೆ ಅಡ್ಡಲಾಗಿ ಒಂದು ಹಲಗೆ. ಹಲಗೆಯ ಮೇಲೆ ಹೆಂಗಸು. ಅವಳ ಕೈಯಲ್ಲಿ ಉದ್ದನೆಯ ಕೋಲು. ಕೆಳಗೆ ಕುದಿಯುವ ನೀರು.

ಅಲ್ಲಿ ಹಾಡುತ್ತಿದ್ದದ್ದು ಖುಷಿಗಲ್ಲ. ಎಲ್ಲರ ಕೋಲೂ ಒಟ್ಟಿಗೆ ತಿರುಗಬೇಕು. ಒಬ್ಬಳು ಹಿಂದೆ ಬಿದ್ದರೆ ಬಟ್ಟೆ ಅವಳ ಕೋಲಿಗೆ ಸುತ್ತಿಕೊಂಡು ಅವಳನ್ನೇ ಎಳೆಯುತ್ತದೆ. ಹಾಡು ಆ ಎಳೆತದಿಂದ ಕಾಪಾಡುವ ಹಗ್ಗ. ಅಜ್ಜಿ ಆ ಹಗ್ಗವನ್ನು ಹಿಡಿದು ಮುಂದೆ ನಿಲ್ಲುವವಳು. ಅವಳ ಕಾಲಿನಲ್ಲಿ ಉಗುರು ಇರಲಿಲ್ಲ, ಸೋಡಾ ತಿಂದಿತ್ತು. ಗಂಟಲಿನೊಳಗೂ ಹಬೆ ಹೊಕ್ಕು ದನಿ ಒಡೆದಿತ್ತು. ಮಾತನಾಡಿದರೆ ಹಳೇ ಬಾಗಿಲು ತೆರೆದ ಹಾಗೆ. ಹಾಡಿದರೆ ಮಾತ್ರ ಆ ಒಡಕಿನ ಮಧ್ಯದಿಂದ ಏನೋ ಬರುತ್ತಿತ್ತು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದರು.

ಬೇಯಿಸುವವರ ಓಣಿಯವರು ಎಂದರೆ ಯಾರೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನಾವು ಬಿಳಿ ಮಾಡಿದ ಬಟ್ಟೆ ಅವರ ಎದೆಯ ಮೇಲೆ ಇರಬಹುದು. ನಮ್ಮ ಕೈ ಅವರ ಲೋಟಕ್ಕೆ ತಾಗಬಾರದು. ಹೊರೆ ತಂದವರು ಹಿತ್ತಿಲ ಬಾಗಿಲಲ್ಲಿ ಕೂಗಬೇಕು, ಅಲ್ಲೇ ಇಟ್ಟು ಹಿಂದೆ ಸರಿಯಬೇಕು.

ಅಜ್ಜಿಗೆ ಒಬ್ಬಳು ತಂಗಿ ಇದ್ದಳು. ಅವಳನ್ನು ಚಿಕ್ಕಜ್ಜಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಜ್ಜಿಯಾಗುವಷ್ಟು ಬಿಡುವು ಅವಳಿಗೆ ಸಿಗಲಿಲ್ಲ. ಹಲಗೆ ಸೀಳಿದೆ ಎಂದು ಅವಳು ಹೇಳಿದಳು. ಆಗ ಕಾರ್ಖಾನೆ ನೋಡಿಕೊಳ್ಳುತ್ತಿದ್ದವನು ಚಿಕ್ಕಧಣಿ, ಇನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು.

"ಸೀಳಿದೆ ಅಂತ ನಂಗೂ ಗೊತ್ತು. ನೀನು ಕಡ್ಡಿ ಹಾಗಿದ್ದೀಯಲ್ಲ, ಅದಕ್ಕೇ ನಿನ್ನನ್ನ ಕರೆದಿದ್ದು. ಹತ್ತು," ಎಂದ.

ಅವಳು ಅಂಚಿನಲ್ಲಿ ನಿಂತಳು. ಅವನು ಬಟ್ಟೆ ಅಳೆಯುವ ಗಜಕೋಲಿನಿಂದ ಅವಳ ಬೆನ್ನಿಗೆ ತಿವಿದ. ಅವಳು ಹತ್ತಿದಳು. ಹಲಗೆ ಮುರಿಯಿತು.

ಮೊದಲು ಬಟ್ಟೆ ತೆಗೆಸಿದರು. ಆಮೇಲೆ ಅವಳನ್ನು.

ನಮ್ಮವರಲ್ಲಿ ಒಂದು ಕ್ರಮವಿದೆ. ಕೆಲಸದಲ್ಲಿ ಸತ್ತವಳ ಮೇಲೆ ಹತ್ತಿರದವಳು ಹಾಡು ಕಟ್ಟುತ್ತಾಳೆ. ಅದರ ಕೊನೆಗೆ ಬರುವುದು ಬಾಗಿಲ ನುಡಿ. ಅದನ್ನು ಎಲ್ಲೆಂದರಲ್ಲಿ ಹಾಡುವ ಹಾಗಿಲ್ಲ. ಯಾರಿಂದ ಸತ್ತಳೋ ಅವನ ಮುಂಬಾಗಿಲಲ್ಲಿ, ಅವನ ಕಿವಿಗೆ ಬೀಳುವ ಹಾಗೆ ಮಾತ್ರ ಹಾಡಬೇಕು. ಬೇರೆ ಕಡೆ ಹಾಡಿದರೆ ಅದರ ಹಿಂದಿನ ನುಡಿಗೇ ನಿಲ್ಲಿಸಬೇಕು. ಮುಂದೇನಿದೆ ಎಂದು ಬಾಯಿ ಬಿಡಲೂ ಬಾರದು. ದಾರಿಯಲ್ಲಿ ಗಂಟು ಬಿಚ್ಚಿದರೆ ಒಗೆದ ಬಟ್ಟೆ ಮಣ್ಣುಪಾಲು, ಹಾಗೆ. ಬಾಗಿಲಲ್ಲಿ ಹಾಡಿ ಮುಗಿಸುವುದಕ್ಕೆ ಇಳಿಸುವುದು ಎನ್ನುತ್ತೇವೆ. ಇಳಿಸುವ ತನಕ ಸತ್ತವಳು ಹೊತ್ತವಳ ತಲೆಯ ಮೇಲೇ ಇರುತ್ತಾಳೆ.

ಅಜ್ಜಿ ಹಾಡು ಕಟ್ಟಿದಳು. ಹೊರಟಳು. ಗೇಟಿನಲ್ಲೇ ಕಾವಲಿನವರು ಹೊಡೆದರು. ಹೆಗಲ ಮೂಳೆ ಮುರಿದು, ಸೊಟ್ಟಗೆ ಕೂಡಿಕೊಂಡಿತು. ಅಂದಿನಿಂದ ಅವಳು ತಂಗಿಯನ್ನು ಹೊತ್ತುಕೊಂಡೇ ತಿರುಗಿದಳು. ಮದುವೆಯಾದಳು, ಅಮ್ಮನನ್ನು ಹೆತ್ತಳು, ಗಂಡನನ್ನು ಕಳೆದುಕೊಂಡಳು, ಕಾರ್ಖಾನೆ ಮುಚ್ಚಿದಾಗ ಬೀದಿಗೆ ಬಿದ್ದಳು. ಹೊರೆ ಇಳಿಯಲಿಲ್ಲ.

ಆಗ ಬಂದವನು ಮೈಕಣ್ಣ.

ಅವನು ಓದಿದವನು, ಹಳೇ ಹಾಡುಗಳನ್ನು ಸಂಗ್ರಹಿಸುವವನು. ಎಲ್ಲರ ಬಾಯಿಗೂ ಮೈಕು ಹಿಡಿಯುತ್ತಿದ್ದುದರಿಂದ ಓಣಿಯ ಹೆಂಗಸರು ಇಟ್ಟ ಹೆಸರು ಅದು. "ಕೆಮ್ಮಬೇಡ್ರೇ, ಅದನ್ನೂ ತುಂಬ್ಕೊಂಡು ಹೋಗ್ತಾನೆ," ಎಂದು ನಗುತ್ತಿದ್ದರು. ಹಳೇ ಹಾಡಿಗೆ ಮತ್ತೆ ಕಾಲ ಬಂದಿದೆ, ನಗರದ ಹುಡುಗ ಹುಡುಗಿಯರು ಬೇರು ಹುಡುಕುತ್ತಿದ್ದಾರೆ ಎಂದು ಅವನು ಹೇಳಿದ. ಅಮ್ಮ ಆಸ್ಪತ್ರೆಯ ಧೋಬಿಖಾನೆಯಿಂದ ಆಗ ತಾನೇ ಬಂದಿದ್ದಳು. ನೆನೆದು ಬಿಳುಚಿದ ಪಾದಗಳನ್ನು ಬಿಸಿಲಿಗೆ ಚಾಚಿಕೊಂಡು, "ಬೇರು ಬೇಕಿದ್ರೆ ಇಲ್ಲೇ ಇದೆ, ನೋಡಿ," ಎಂದು ತೋರಿಸಿದಳು. ಅವನು ಅದನ್ನೂ ಫೋಟೋ ತೆಗೆದ.

ಅಜ್ಜಿ ಹಾಡಿದಳು. ಗೋಡೆಗೆ ಒರಗಿ, ಕಣ್ಣು ಮುಚ್ಚಿ.

ಬೆಳ್ಳಿ ಮೂಡುವ ಮೊದಲೆ ಎದ್ದಾಳು ನನ ತಂಗಿ
ಕರೆದವನ ದನಿಗೆ ಓಗೊಟ್ಟು, ನನ ತಂಗಿ
ಹೊಸ್ತಿಲು ದಾಟಿ ನಡೆದಾಳು

ಹಬೆಯ ಸೆರಗನು ಹೊದ್ದು, ಹಬೆಯ ಹೂವನು ಮುಡಿದು
ಹಿಂತಿರುಗಿ ನೋಡದೆ ಇಳಿದಾಳು, ನನ ತಂಗಿ
ಬಿಸಿಯ ತೋಳೊಳಗೆ ಕರಗಿದಳು

ಅಷ್ಟಕ್ಕೆ ನಿಲ್ಲಿಸಿದಳು.

"ಇಷ್ಟೇನಾ ಅಜ್ಜಿ?"

"ಇಷ್ಟೇ."

ಮೈಕಣ್ಣನ ಕಣ್ಣು ತೇವವಾಗಿತ್ತು. "ಎಂಥಾ ಪ್ರೇಮಗೀತೆ ಅಜ್ಜಿ. ಕರೆದವನು ಅಂದ್ರೆ ಪ್ರಿಯಕರ, ಅಲ್ವಾ?"

"ನಿಂಗೆ ಮದುವೆ ಆಗಿದ್ಯಾ ಮಗಾ?"

"ಇಲ್ಲ ಅಜ್ಜಿ."

"ಅದಕ್ಕೇ ಎಲ್ಲಾ ಹಂಗೇ ಕೇಳ್ಸುತ್ತೆ. ಪ್ರೇಮ ಗೀಮ ಏನಿಲ್ಲ ಅದ್ರಲ್ಲಿ."

"ಮತ್ತೇನಿದೆ?"

ಅಜ್ಜಿ ಬಾಯಿ ಮುಚ್ಚಿಕೊಂಡಳು. ಹೇಳುವಂತಿರಲಿಲ್ಲ. ಅವನು ಅದನ್ನು ನಾಚಿಕೆ ಎಂದು ತಿಳಿದುಕೊಂಡ. ಕ್ರಮ ತಪ್ಪದ ಹೆಂಗಸು ಗಂಟು ಬಿಚ್ಚದೆ ಕೂತಳು, ಗಂಟಿನ ಮೇಲಿನ ಬಟ್ಟೆಯನ್ನೇ ಅವನು ಹೊತ್ತುಕೊಂಡು ಹೋದ.

ಆಮೇಲೆ ಆ ಹಾಡು ನಮ್ಮ ಕೈಗೆ ಸಿಗದ ಹಾಗೆ ಓಡಿತು. ಪತ್ರಿಕೆಯವರು ಜೇನುಕಂಠಿ ಎಂದು ಕರೆಯುವ ಒಬ್ಬ ಗಾಯಕಿ ಅದನ್ನು ಹಾಡಿದಳು. ಕೊಳಲು ಸೇರಿತು, ಗಿಟಾರು ಸೇರಿತು. 'ಕರಗಿದಳು' ಎನ್ನುವ ಕಡೆ ಅವಳು ಉಸಿರನ್ನು ಹೇಗೆ ಬಿಡುತ್ತಿದ್ದಳೆಂದರೆ ಕೇಳಿದ ಗಂಡಸರು ಕಣ್ಣು ಮುಚ್ಚುತ್ತಿದ್ದರು. ಮದುವೆಗಳಲ್ಲಿ ಹುಡುಗಿಯರು ಅದಕ್ಕೆ ಕುಣಿದರು. ಬಸ್ಸಿನಲ್ಲಿ ಬಂತು. ಅಂಗಡಿಯಲ್ಲಿ ಬಂತು. ಫೋನು ಕೈಯಲ್ಲಿ ಹಿಡಿದ ಪ್ರತಿಯೊಬ್ಬನಿಗೂ ನನ್ನಜ್ಜಿಯ ತಂಗಿ ಗೊತ್ತಿದ್ದಳು.

ಒಂದು ಮಧ್ಯಾಹ್ನ ಅಜ್ಜಿ ಸಕ್ಕರೆ ತರಲು ಹೋದವಳು ಬರಿಗೈಲಿ ಬಂದಳು. ಅಂಗಡಿಯ ಟೀವಿಯಲ್ಲಿ ಒಬ್ಬ ಚೆಂದದ ಹೆಂಗಸು ಬಿಳಿ ಬಟ್ಟೆ ಕೊಡವುತ್ತಿದ್ದಳಂತೆ. ಹಿಂದೆ ಇದೇ ಹಾಡು.

"ನನ್ನ ತಂಗಿ ಸೋಪು ಮಾರ್ತಿದ್ದಾಳೆ ಕಣೇ," ಎಂದಳು. ಅಳಲಿಲ್ಲ. ಮೂಲೆಯಲ್ಲಿ ಕೂತು ಸೊಟ್ಟ ಹೆಗಲನ್ನು ತಿಕ್ಕಿಕೊಂಡಳು.

ಮಾರನೇ ದಿನ ನಾವು ಮೈಕಣ್ಣನ ಆಫೀಸಿಗೆ ಹೋದೆವು. ಗೋಡೆ ತುಂಬ ಮುದುಕಿಯರ ಸುಕ್ಕು ಮುಖಗಳ ಫೋಟೋ.

"ಜನಪದ ಅಂದ್ರೆ ಯಾರೊಬ್ಬರದ್ದೂ ಅಲ್ಲ ಅಜ್ಜಿ," ಎಂದು ಅವನು ತಾಳ್ಮೆಯಿಂದ ಹೇಳಿದ. "ಎಲ್ಲರದ್ದೂ."

"ಬೆಂದವಳು ಎಲ್ಲರೂ ಅಲ್ವಲ್ಲ ಮಗಾ. ಅವಳೊಬ್ಬಳೇ."

"ಆಹಾ. ವಿರಹದಲ್ಲಿ ಬೇಯೋದು." ಅವನು ಪೆನ್ನು ಹುಡುಕಿದ.

"ಹಂಡೇಲಿ," ಎಂದೆ ನಾನು. ಅಜ್ಜಿ ನನ್ನ ತೊಡೆಗೆ ಚಿವುಟಿದಳು. ಅವನು ಕೇಳಿಸಿಕೊಂಡಿರಲಿಲ್ಲ. ಅವನಿಗೆ ಇನ್ನೊಂದು ಸಂಭ್ರಮವಿತ್ತು. ಮುಚ್ಚಿದ ಕಾರ್ಖಾನೆಯನ್ನು ಅದರ ಧಣಿಯೇ ದುರಸ್ತಿ ಮಾಡಿಸಿ ಜಾನಪದ ಭವನ ಮಾಡುತ್ತಿದ್ದಾರೆ. ಮೊದಲ ದಿನ ಜೇನುಕಂಠಿಯ ಜೊತೆ ಅಜ್ಜಿಯೂ ವೇದಿಕೆಯ ಮೇಲೆ ಇರಬೇಕು. "ಮೂಲ ಗಾಯಕಿ" ಎಂದು ಹಾಕುತ್ತೇವೆ. ದೊಡ್ಡವರು ಖುದ್ದಾಗಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ.

ದೊಡ್ಡವರು ಎಂದರೆ ಅಂದಿನ ಚಿಕ್ಕಧಣಿ. ಮೀಸೆ ಚಿಗುರಿ, ದಪ್ಪವಾಗಿ, ನರೆತು, ಈಗ ಊರಿಗೆಲ್ಲ ದೊಡ್ಡವರು. ಅಮ್ಮ ಮತ್ತು ನಾನು ದುಡಿಯುವ ಆಸ್ಪತ್ರೆಯೂ ಅವರ ಟ್ರಸ್ಟಿನದು, ನಮ್ಮ ಕೋಣೆಯೂ ಆಸ್ಪತ್ರೆ ಕೊಟ್ಟದ್ದು.

"ಆ ಭವನಕ್ಕೆ ಮುಂಬಾಗಿಲು ಇದ್ಯಾ?" ಎಂದು ಅಜ್ಜಿ ಕೇಳಿದಳು.

"ಇದೆ ಅಜ್ಜಿ. ಇಷ್ಟೆತ್ತರ. ತೇಗದ್ದು."

"ಅದು ಅವರದ್ದೇನಾ?"

"ಪೂರ್ತಿ ಅವರದ್ದೇ."

"ಬರ್ತೀನಿ."

ಮನೆಗೆ ಬರುವಾಗ ಅಜ್ಜಿ ಹುಡುಗಿಯ ಹಾಗೆ ನಡೆದಳು. ಅಮ್ಮನಿಗೆ ಮಾತ್ರ ಸಿಟ್ಟು. "ಅವರು ಕೊಟ್ಟ ಸೂರಿನ ಕೆಳಗೆ ಕೂತು ಅವರಿಗೇ ಬಾಗಿಲ ನುಡಿ ಹಾಡ್ತೀಯಾ? ನಾಳೆ ಈ ಹುಡುಗೀನ ಎಲ್ಲಿ ಮಲಗಿಸ್ಲಿ? ನಿನ್ನ ತಂಗಿ ಸತ್ತಿದ್ದಾಳೆ ಅಮ್ಮಾ, ನಾವಿನ್ನೂ ಸತ್ತಿಲ್ಲ."

"ನಿನ್ನ ತಲೆ ಹಗುರ ಇದೆ. ಮಾತಾಡ್ತೀಯ," ಎಂದಳು ಅಜ್ಜಿ.

ಭವನದ ದಿನ ಅಜ್ಜಿ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟಳು. ಹಲ್ಲಿನ ಸೆಟ್ಟು ಹಾಕಿಕೊಂಡಳು. ಆ ಸೆಟ್ಟಿಗಾಗಿ ಅಮ್ಮ ತನ್ನ ಮೈಮೇಲಿದ್ದ ಒಂದೇ ಒಂದು ಬಂಗಾರವನ್ನು ಮಾರಿದ್ದಳು. ನಾನು ಅಜ್ಜಿಯ ಕೈ ಹಿಡಿದುಕೊಂಡು ಹೋದೆ. ತೇಗದ ಬಾಗಿಲು ನೋಡಿ ಅವಳು ನಿಂತಳು. ನಮ್ಮನ್ನು ಅದರ ಪಕ್ಕದ ಸಣ್ಣ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದರು.

ಒಳಗೆ ಹಂಡೆಗಳಿದ್ದವು. ಉಜ್ಜಿ ಕಪ್ಪು ಬಣ್ಣ ಬಳಿದಿದ್ದರು. ತಣ್ಣೀರು ತುಂಬಿ ತಾವರೆ ಬಿಟ್ಟಿದ್ದರು. ಒಂದರ ಅಂಚಿನಲ್ಲಿ ಹುಡುಗ ಹುಡುಗಿಯರು ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಜ್ಜಿ ಅದೇ ಹಂಡೆಯ ಹತ್ತಿರ ಹೋಗಿ, ಕೈ ಅದ್ದಿ, ಬೆರಳನ್ನು ಮೂಸಿದಳು.

ಬಣ್ಣ ಹಚ್ಚುವ ಕೋಣೆಯಲ್ಲಿ ಮೈಕಣ್ಣ ಅಜ್ಜಿಯನ್ನು ನೋಡಿ ತಲೆ ಕೆರೆದುಕೊಂಡ. "ಅಜ್ಜಿ, ಈ ಬಟ್ಟೆ ತುಂಬಾ ಹೊಸದಾಯ್ತು."

"ಹಬ್ಬಕ್ಕೂ ಉಟ್ಟಿರ್ಲಿಲ್ಲ ಮಗಾ. ಇಟ್ಟಿದ್ದೆ."

"ಅದೇ. ಜನ ನಿಮ್ಮ ಕಷ್ಟ ನೋಡ್ಬೇಕು." ಒಂದು ಹುಡುಗಿ ಹರಿದ ಬಟ್ಟೆ ತಂದಳು. ಹರಿದದ್ದಲ್ಲ, ಹೊಸದನ್ನೇ ಕತ್ತರಿಯಿಂದ ಹರಿದು, ಚಹಾದ ನೀರಿನಲ್ಲಿ ಅದ್ದಿದ್ದು. ಅಜ್ಜಿ ನನ್ನ ಮುಖ ನೋಡಿದಳು. ಉಟ್ಟುಕೊಂಡಳು. ಬಾಗಿಲ ತನಕ ಹೋಗಲು ಏನು ಬೇಕಾದರೂ ಉಡುತ್ತಿದ್ದಳು.

"ಇನ್ನೊಂದು ಅಜ್ಜಿ. ಹಲ್ಲು."

"ಏನಾಯ್ತು ಹಲ್ಲಿಗೆ?"

"ರೆಕಾರ್ಡಿಂಗಲ್ಲಿ ನಿಮಗೆ ಹಲ್ಲು ಇರ್ಲಿಲ್ಲ. ಆ ಪದಗಳು ಜಾರೋದಿತ್ತಲ್ಲ, ಅದೇ ಸೊಗಸು. ಕ್ಯಾಮೆರಾಗೂ ಅದೇ ಚೆನ್ನ."

"ಹಲ್ಲಿಲ್ಲದಿದ್ರೆ ಮಾತು ತಿಳಿಯಲ್ಲ," ಎಂದಳು ಅಜ್ಜಿ. ಅವಳಿಗೆ ಅವತ್ತು ಪ್ರತಿ ಮಾತೂ ತಿಳಿಯಬೇಕಿತ್ತು.

"ಮಾತು ಜನಕ್ಕೆ ಬಾಯಿಪಾಠ ಇದೆ ಬಿಡಿ."

ಅವನು ಕೈ ಚಾಚಿದ. ಆ ಚಾಚಿದ ಕೈಯನ್ನು ನಾನು ಇವತ್ತಿಗೂ ಮುರಿಯಬೇಕೆಂದುಕೊಳ್ಳುತ್ತೇನೆ. ಅಜ್ಜಿ ಗೋಡೆಗೆ ತಿರುಗಿ ಹಲ್ಲು ತೆಗೆದಳು. ಅವಳ ಮುಖ ಒಳಗೆ ಕುಸಿಯಿತು. ಬಣ್ಣದ ಹುಡುಗಿ, "ವಾವ್," ಎಂದಳು.

ಜೇನುಕಂಠಿ ಬಂದಳು. ಒಳ್ಳೆಯ ಹೆಂಗಸೇ. ಅಜ್ಜಿಯ ಕೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. "ನಿಮ್ಮ ಹಾಡು ನಂಗೆ ಏನೆಲ್ಲ ಕೊಟ್ಟಿದೆ ಗೊತ್ತಾ ಅಜ್ಜಿ?"

"ಏನು ಕೊತ್ತಿದೆ?" ಹಲ್ಲಿಲ್ಲದ ಬಾಯಿ.

"ಎಲ್ಲಾ."

"ಹಂಗಿದ್ರೆ ನಂಗೊಂದು ಕುರ್ಚಿ ಕೊಡ್ಸವ್ವ. ಕಾಲು ನೋಯ್ತಿದೆ."

ಕುರ್ಚಿ ಇರಲಿಲ್ಲ. ತೇಗದ ಮುಂಬಾಗಿಲಿಗೇ ಒತ್ತಿ ಕಟ್ಟಿದ್ದ ವೇದಿಕೆಯ ಮೇಲೆ ಅಜ್ಜಿಗೆ ಒಂದು ಕಲ್ಲು ಇಟ್ಟಿದ್ದರು. ಜೇನುಕಂಠಿ ಹಾಡುವಾಗ ಅಜ್ಜಿ ಬಗ್ಗಿ ಒದ್ದೆ ಬಟ್ಟೆಯನ್ನು ಅದಕ್ಕೆ ಬಡಿಯಬೇಕು. ಬೇಯಿಸುವವಳು ಬಡಿಯುವವಳಲ್ಲ ಎಂಬುದು ಯಾರಿಗೂ ಬೇಕಿರಲಿಲ್ಲ. ಅಜ್ಜಿಯ ಮುಂದೆಯೂ ಒಂದು ಮೈಕು ಇತ್ತು. ನಾನು ಪರದೆಯ ಪಕ್ಕದಿಂದ ನೋಡುತ್ತಿದ್ದೆ. ಮುಂದಿನ ಸಾಲಿನಲ್ಲಿ ದೊಡ್ಡವರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಬಿಳಿ ಬಟ್ಟೆ. ಮೊಣಕಾಲಿನ ಮೇಲೆ ಬೆರಳು ತಾಳ ಹಾಕುತ್ತಿತ್ತು.

ಎರಡು ನುಡಿ ಮುಗಿಯಿತು. ಜೇನುಕಂಠಿ ನಿಲ್ಲಿಸಿದಳು. ಕೊಳಲು ಎತ್ತಿಕೊಂಡಿತು. ಅಜ್ಜಿ ಬಟ್ಟೆ ಬಿಟ್ಟು ನೆಟ್ಟಗೆ ನಿಂತಳು. ಬಾಯಿ ತೆರೆದಳು. ಅವಳ ಕತ್ತಿನ ನರ ಉಬ್ಬಿದ್ದು ನನಗೆ ಕಾಣಿಸಿತು. ಬಾಗಿಲ ನುಡಿ ಹಾಡುತ್ತಿದ್ದಳು.

ಏನೂ ಕೇಳಿಸಲಿಲ್ಲ. ಅವಳ ಮೈಕಿಗೆ ತಂತಿಯೇ ಇರಲಿಲ್ಲ, ನೋಡಲು ಇಟ್ಟಿದ್ದು. ಕೊಳಲು ದೊಡ್ಡ ಸ್ಪೀಕರುಗಳಲ್ಲಿ ಮೊರೆಯುತ್ತಿತ್ತು. ಹಲ್ಲಿಲ್ಲದ ಬಾಯಿ ಅದರೊಳಗೆ ತೆರೆದು ಮುಚ್ಚಿತು. ಯಾರೋ ಅಯ್ಯೋ ಪಾಪ ಎಂದರು. ಮುಂದಿನ ಸಾಲಿನಲ್ಲಿ ತಾಳ ತಪ್ಪಲಿಲ್ಲ.

ಆಮೇಲೆ ದೊಡ್ಡವರು ವೇದಿಕೆ ಹತ್ತಿ ಅವಳ ಕೊರಳಿಗೆ ಪದಕ ಹಾಕಿದರು. "ಚೆನ್ನಾಗಿ ಹಾಡಿದ್ರಿ ಅಜ್ಜಿ," ಎಂದರು. ಅಜ್ಜಿ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಿಡಲಿಲ್ಲ. ಬಾಯಿಯ ಹತ್ತಿರ ಎಳೆದು ಏನೋ ಹೇಳಲು ಹೋದಳು. ಚಪ್ಪಾಳೆ. ಫ್ಲಾಶ್ ಮಿಂಚಿತು. ಇಬ್ಬರು ಬಂದು ನಗುನಗುತ್ತಲೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಮರುದಿನದ ಪತ್ರಿಕೆಯಲ್ಲಿ ಆ ಚಿತ್ರ ಬಂತು. ಕೆಳಗೆ, "ಕೃತಜ್ಞತೆ."

ಹಲ್ಲಿನ ಸೆಟ್ಟು ಸಿಗಲಿಲ್ಲ. ಲೋಟದಲ್ಲಿ ಇಟ್ಟಿದ್ದರಂತೆ, ಲೋಟ ತೊಳೆಯುವವರು ಚೆಲ್ಲಿದರಂತೆ.

ಅಜ್ಜಿ ಅಂದಿನಿಂದ ಹಾಡಲಿಲ್ಲ. ಎದೆ ಕಟ್ಟಿತು. ಹಬೆ ಕುಡಿದ ಶ್ವಾಸಕೋಶ, ಇನ್ನು ಇಷ್ಟೇ ಎಂದರು. ಮೂಲ ಗಾಯಕಿಯಲ್ಲವೇ, ಟ್ರಸ್ಟಿನ ಆಸ್ಪತ್ರೆಯಲ್ಲೇ ಮಂಚ ಕೊಟ್ಟರು. ಪತ್ರಿಕೆಯವರು ಬಂದು ಹೋಗುವ ತನಕ ಕಿಟಕಿಯ ಪಕ್ಕ. ಅವರು ಹೋದ ಮೇಲೆ ಕೊಳೆ ಬಟ್ಟೆ ಸುರಿಯುವ ಕೋಣೆಯ ಪಕ್ಕ. ಅದು ನಮಗೆ ಅನುಕೂಲವೇ ಆಯಿತು. ಗಾಡಿ ತಳ್ಳಿಕೊಂಡು ಬರುವಾಗಲೆಲ್ಲ ನಾನು ಅವಳನ್ನು ನೋಡುತ್ತಿದ್ದೆ. ಗೋಡೆಯ ಮೇಲೆ ಕೃತಜ್ಞತೆಯ ಚಿತ್ರವನ್ನು ದೊಡ್ಡದು ಮಾಡಿ ಹಾಕಿದ್ದರು. ಅಜ್ಜಿ ಅದರ ಕೆಳಗೆ ಮಲಗಿ ಸೀಳಿದ ಗಾಳಿ ಎಳೆಯುತ್ತಿದ್ದಳು.

ಒಂದು ದಿನ ಊಟದ ಬಿಡುವಿನಲ್ಲಿ ನಾನು ಪಕ್ಕದಲ್ಲಿ ಕೂತೆ. ಕೈಯಲ್ಲಿ ಇನ್ನೂ ಬ್ಲೀಚಿನ ವಾಸನೆ.

"ನಾನು ಹಾಡಿದೆ. ಅವನಿಗೆ ಕೇಳ್ಸಿಲ್ಲ," ಎಂದಳು. "ಕೇಳ್ಸದಿದ್ರೆ ಇಳಿಸಿದ ಲೆಕ್ಕ ಅಲ್ಲ. ನೀನು ಇಳಿಸ್ತೀಯಾ?"

"ಅಜ್ಜಿ, ನಾನು ಒಂದು ಪುಷ್ಪಕ ವಿಮಾನದಲ್ಲಿ ಹೋಗಿ ಅವನ ಮಹಡಿ ಮೇಲೆ ನಿಂತು..."

"ಕಥೆ ಕಟ್ಬೇಡ. ಹೌದಾ, ಅಲ್ವಾ?"

ನನಗೆ ಅಮ್ಮನ ಮುಖ ಕಣ್ಣ ಮುಂದೆ ಬಂತು. ಕೋಣೆಯ ಬೀಗ ಕಂಡಿತು. ಬೀದಿಯಲ್ಲಿ ಇಟ್ಟ ಪಾತ್ರೆಗಳು ಕಂಡವು. ಅಜ್ಜಿ ಕಾಯುತ್ತಿದ್ದಳು. ಬಾಯಿ ತೆರೆದೇ ಇತ್ತು, ಗಾಳಿಗೆ.

"ಹೌದು," ಎಂದೆ.

"ಹಿತ್ತಿಲಲ್ಲಲ್ಲ."

"ಮುಂಬಾಗಿಲಲ್ಲಿ."

ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಹರಸಿದ್ದಲ್ಲ. ಹೊರೆಯ ಸಿಂಬಿ ಸರಿಯಾಗಿದೆಯೇ ಎಂದು ನೋಡಿದ್ದು. ಹೊರೆ ಇನ್ನೊಂದು ತಲೆಗೆ ದಾಟಿಸುವಾಗ ಮಾತ್ರ ಹೇಳಬಹುದಾದ ಬಾಗಿಲ ನುಡಿಯನ್ನು ನನ್ನ ಕಿವಿಯಲ್ಲಿ ಉಸುರಿದಳು. ಎರಡು ದಿನಕ್ಕೆ ಸತ್ತಳು. ಅವಳು ಸತ್ತ ಹಾಸಿಗೆಯ ಬಟ್ಟೆ ನನ್ನ ಪಾಳಿಯಲ್ಲೇ ಬಂತು. ಮಂಚದ ಸಂಖ್ಯೆ ಹೊಲಿದಿತ್ತು. ಮೇಸ್ತ್ರಿ, "ಇವತ್ತು ರಜೆ ಬೇಕಿದ್ರೆ ತಗೋ, ಸಂಬಳ ಇಲ್ಲ," ಎಂದ. ನಾನು ತೆಗೆದುಕೊಳ್ಳಲಿಲ್ಲ. ಆ ಬಟ್ಟೆಯನ್ನು ಬೇರೆ ಯಾರೂ ಮುಟ್ಟುವುದು ನನಗೆ ಬೇಕಿರಲಿಲ್ಲ. ಯಂತ್ರಕ್ಕೆ ಹಾಕದೆ ಕೈಯಲ್ಲೇ ಒಗೆದೆ. ಧೋಬಿಖಾನೆಯ ರೇಡಿಯೋದಲ್ಲಿ ಜೇನುಕಂಠಿ ಕರಗುತ್ತಿದ್ದಳು.

ಮೈಕಣ್ಣ ಕೆಲವು ವಾರ ಬಿಟ್ಟು ಬಂದ. ಇಸ್ತ್ರಿಯ ಉರುಳೆಯ ಪಕ್ಕ ನಿಂತು ಬೆವರು ಒರೆಸಿಕೊಂಡ. "ಪರಂಪರೆ ನಿಲ್ಬಾರ್ದು. ದೊಡ್ಡವರ ಮನೆ ಅಂಗಳದಲ್ಲಿ ಒಂದು ಸಂಜೆ ಇಟ್ಕೊಂಡಿದ್ದೀವಿ. ಅಜ್ಜಿ ನೆನಪಿಗೆ. ಜೇನುಕಂಠಿ ಹಾಡ್ತಾರೆ. ನೀನು ತಲೆ ಮೇಲೆ ಗಂಟು ಹೊತ್ಕೊಂಡು ಬಂದು ಬಟ್ಟೆ ಬಡಿ, ಸಾಕು."

"ಅವರ ಮನೇಲಾ?"

"ಅವರ ಮನೇಲೇ."

ಉರುಳೆಯ ಆಚೆ ಅಮ್ಮ ಹಾಸುಬಟ್ಟೆಯ ತುದಿ ಹಿಡಿದು ನಿಂತಿದ್ದಳು. ಕೈ ನಿಂತುಬಿಟ್ಟಿತು. ಬಟ್ಟೆ ಉರುಳೆಗೆ ಸಿಕ್ಕಿ ಸುಟ್ಟ ವಾಸನೆ ಬಂತು. ಮೇಸ್ತ್ರಿ ಬೈದ. ಅಮ್ಮ ಅದನ್ನು ಬಿಡಿಸುತ್ತ ನನ್ನನ್ನು ನೋಡಲಿಲ್ಲ.

ಮನೆಗೆ ಬಂದ ಮೇಲೆ ಮಾತು ಬಂತು.

"ಬಟ್ಟೆ ಬಡಿದು ಬಂದುಬಿಡ್ತೀಯಾ?"

"ಇಲ್ಲ."

"ನಾಳೇನೇ ಕೆಲಸ ಹೋಗುತ್ತೆ. ಇಬ್ಬರದ್ದೂ. ಈ ಕೋಣೆ ಹೋಗುತ್ತೆ. ಇನ್ನು ಯಾವ ಧೋಬಿಖಾನೇನೂ ನಮ್ಮನ್ನ ಸೇರಿಸ್ಕೊಳಲ್ಲ."

"ಗೊತ್ತಮ್ಮ."

"ಗೊತ್ತಿಲ್ಲ ನಿಂಗೆ. ನೀನು ಮೋಡದಲ್ಲಿ ಇರೋಳು. ನಾನು ಹುಟ್ಟಿದಾಗಿಂದ ಆ ಸತ್ತವಳ ಜೊತೆ ಒಂದೇ ಕೋಣೇಲಿ ಇದ್ದೀನಿ. ನಮ್ಮಮ್ಮ ನನ್ನನ್ನ ಎತ್ಕೊಂಡಿದ್ದು ಎಷ್ಟು ಸಲ ಗೊತ್ತಾ? ತಲೆ ಮೇಲೆ ಅವಳಿದ್ಳು, ಕಂಕುಳಿಗೆ ನಾನು ಭಾರ." ಅವಳು ಪಾತ್ರೆಗಳನ್ನು ಇಳಿಸಿ ಗೋಣಿಚೀಲಕ್ಕೆ ತುಂಬತೊಡಗಿದಳು.

"ಏನಮ್ಮ ಮಾಡ್ತಿದ್ದೀಯ?"

"ಅವರು ಎಸೆಯೋಕ್ಕಿಂತ ನಾನೇ ಕಟ್ಟಿಟ್ರೆ ಒಡೆಯಲ್ಲ."

ದೊಡ್ಡವರ ಮನೆ ಏರಿನ ಮೇಲಿತ್ತು. ಸಂಜೆ ಬಿಸಿಲು ಇನ್ನೂ ಇತ್ತು. ಮುಂದೆ ಹುಲ್ಲು, ಹುಲ್ಲಿನ ಮೇಲೆ ಕುರ್ಚಿಗಳು, ಗಾಜಿನ ಲೋಟ ಹಿಡಿದ ಜನ. ನನಗೂ ಕತ್ತರಿಯಿಂದ ಹರಿದ ಬಟ್ಟೆ ಉಡಿಸಿದ್ದರು. ತಲೆಯ ಮೇಲೆ ಗಂಟು. ಅಮ್ಮ ಧೋಬಿಖಾನೆಯ ಸಮವಸ್ತ್ರದಲ್ಲೇ ನನ್ನ ಹಿಂದೆ ಬಂದಿದ್ದಳು. ಕಾವಲಿನವನು ಬೆರಳು ತೋರಿಸಿದ.

"ಹಿಂದಗಡೆಯಿಂದ."

"ಮುಂದೆ ಹೋಗ್ಬೇಕು," ಎಂದೆ.

"ಕಲಾವಿದರೆಲ್ಲಾ ಹಿಂದಗಡೆಯಿಂದ."

"ಜೇನುಕಂಠಿ ಮುಂದಿನಿಂದ ಹೋದ್ರು."

"ಅವರು ಕಲಾವಿದರು. ನೀನು ಕೆಲಸದವಳು."

ಹಿತ್ತಿಲ ಕಡೆಗೆ ತಾನಾಗಿ ತಿರುಗಿತು ನನ್ನ ಕಾಲು. ನಮ್ಮ ಕಾಲುಗಳಿಗೆ ಆ ದಾರಿ ಹುಟ್ಟಿನಿಂದ ಗೊತ್ತು. ನಾನು ಅದನ್ನು ಹಿಡಿದು ನಿಲ್ಲಿಸಬೇಕಾಯಿತು.

"ಹೋಗಲ್ಲ," ಎಂದೆ.

ಅವನು ನನ್ನ ತೋಳು ಹಿಡಿದ. ಅಮ್ಮ ನಮ್ಮಿಬ್ಬರ ಮಧ್ಯೆ ತನ್ನ ಮೈ ತೂರಿಸಿದಳು. ವರ್ಷಗಟ್ಟಲೆ ಒದ್ದೆ ಬಟ್ಟೆ ಹಿಂಡಿದ ಮೈ. ಅವನು ಎರಡು ಹೆಜ್ಜೆ ಹಿಂದೆ ಹೋದ. ನಾನು ಹುಲ್ಲು ದಾಟಿ, ಕುರ್ಚಿಗಳ ಮಧ್ಯೆ ನಡೆದು, ಮೆಟ್ಟಿಲು ಹತ್ತಿ, ಮುಂಬಾಗಿಲ ಹೊಸ್ತಿಲಿಗೆ ಗಂಟು ಇಳಿಸಿದೆ. ಅಲ್ಲೇ ನಿಂತೆ. ಹಾಡಿದೆ.

ಬೆಳ್ಳಿ ಮೂಡುವ ಮೊದಲೆ.

ಜನ ತಿರುಗಿದರು. ಕಾರ್ಯಕ್ರಮ ಹೀಗೇ ಶುರುವಾಗುತ್ತದೆ ಎಂದುಕೊಂಡರು. "ಅದ್ಭುತ," ಎಂದ ಮೈಕಣ್ಣ. ಜೇನುಕಂಠಿ ಎದ್ದು ನಿಂತು ತನ್ನ ಸಿಹಿ ದನಿಯನ್ನು ನನ್ನ ದನಿಗೆ ಸೇರಿಸಿದಳು. ಲೋಟಗಳು ತಾಳ ಹಾಕಿದವು. ಭವನದ ದಿನದ ಈಚೆಗೆ ಕಾಲು ಸೋತಿದ್ದ ದೊಡ್ಡವರನ್ನು ಗಾಲಿಕುರ್ಚಿಯಲ್ಲಿ ಒಳಗಿನಿಂದ ಬಾಗಿಲಿಗೆ ತಂದರು. ಮಗ ಹಿಂದೆ ನಿಂತಿದ್ದ. ಅವರ ಮೊಣಕಾಲು ಗಂಟಿಗೆ ತಾಗುತ್ತಿತ್ತು. ಅಷ್ಟು ಹತ್ತಿರ.

ಬಿಸಿಯ ತೋಳೊಳಗೆ ಕರಗಿದಳು. ಜೇನುಕಂಠಿ ಉಸಿರು ಬಿಟ್ಟು ನಿಲ್ಲಿಸಿದಳು. ಚಪ್ಪಾಳೆ ಬಿತ್ತು. ನಾನು ನಿಲ್ಲಿಸಲಿಲ್ಲ.

ಕರೆದವನೆ ನೀ ಕೇಳು, ಸೀಳು ಹಲಗೆಯ ಮೇಲೆ
ಹತ್ತೆಂದು ತಿವಿದು ಹತ್ತಿಸಿದೆ, ನನ ತಂಗಿ
ಬೆಂದಳು ನಿನ್ನ ಹಂಡೆಯಲಿ

ಚಪ್ಪಾಳೆ ಅಲ್ಲಲ್ಲೇ ಸತ್ತಿತು. ಜೇನುಕಂಠಿಯ ಕೈ ಬಾಯಿಗೆ ಹೋಯಿತು. ಅವಳು ಇಷ್ಟು ವರ್ಷ ಏನನ್ನು ಉಸಿರಾಡುತ್ತಿದ್ದಳೆಂದು ಅವಳಿಗೆ ತಿಳಿಯಿತೋ ಏನೋ, ನನಗೆ ಅದು ಬೇಕಿರಲಿಲ್ಲ. ನಾನು ದೊಡ್ಡವರ ಹೆಸರು ಹಿಡಿದು ಕರೆದೆ. ಅವರ ಅಪ್ಪ ಇಟ್ಟ ಹೆಸರು. ಆ ಮನೆಯಲ್ಲಿ ಯಾರೂ ಅದನ್ನು ಬಾಯಲ್ಲಿ ಆಡುತ್ತಿರಲಿಲ್ಲ.

ಅವರು ಕೇಳಿಸಿಕೊಂಡರು. ಪೂರ್ತಿ. ಮುಖದಲ್ಲಿ ಸಿಟ್ಟು ಬರಲಿಲ್ಲ, ಭಯ ಬರಲಿಲ್ಲ. ಹಣೆ ಸುಕ್ಕುಗಟ್ಟಿತು, ಅಷ್ಟೇ. ಕತ್ತು ತಿರುಗಿಸಿ ಮಗನನ್ನು ಕೇಳಿದರು. ಮೆಲ್ಲಗೇ ಕೇಳಿದರು, ಆದರೆ ಅಂಗಳದಲ್ಲಿ ಅಷ್ಟು ಮೌನವಿತ್ತು.

"ಬಿದ್ದವರಲ್ಲಿ ಯಾವಳ ಬಗ್ಗೆ ಹೇಳ್ತಿದ್ದಾಳೆ ಇವಳು?"

ಕಾವಲಿನವನ ಕೈ ಹಿಂದಿನಿಂದ ನನ್ನ ಬಾಯಿಗೆ ಬಿತ್ತು. ಹಲ್ಲು ತುಟಿಗೆ ನಾಟಿತು. ಉಪ್ಪು. ಇನ್ನೊಂದೇ ಸಾಲು ಉಳಿದಿತ್ತು. ಆ ಕೈಯನ್ನು ಕಚ್ಚಿದೆ. ಅವನು ಕಿರುಚಿ ಬಿಟ್ಟ. ರಕ್ತದ ಬಾಯಲ್ಲಿ ಕೊನೆಯ ಸಾಲು ಹಾಡಿದೆ, ಸತ್ತವಳ ಹೆಸರಿಟ್ಟು.

ಇದೊ ನಿನ್ನ ಬಾಗಿಲಲಿ ಇಳಿಸಿದೆನು, ನೀ ಹೊರು

ಮುಗಿಯಿತು.

ಒಗೆದ ಬಟ್ಟೆ ಒಪ್ಪಿಸಿದವರು ಹೊರಡುವ ಮೊದಲು ಮನೆಯವರಿಗೆ ಒಂದು ಮಾತು ಹೇಳುತ್ತಾರೆ. ತುಟಿ ಊದಿಕೊಂಡು ನನಗೆ ಅದನ್ನು ಹೇಳಲಾಗಲಿಲ್ಲ. ಅಮ್ಮ ಮೆಟ್ಟಿಲು ಹತ್ತಿ ಬಂದಳು. ಗಂಟನ್ನು ಗಾಲಿಕುರ್ಚಿಯ ಕಡೆಗೆ ಕಾಲಿನಿಂದ ಸ್ವಲ್ಪ ಒತ್ತಿದಳು. ತಲೆ ತಗ್ಗಿಸದೆ ಹೇಳಿದಳು.

"ಎಣಿಸ್ಕೊಳ್ಳಿ."